ಕ್ರುಸೇಡಿನಿಂದ ವಸಾಹತಿಗೆ: ದಾಖಲೆ ತೋರಿಸಿ ಹೇಳಬಹುದಾದ ಕೊಂಡಿಗಳು ಯಾವುವು?

ತುಂಗಾತೀರ (ಪ್ರಶ್ನೆ)

ಯುರೋಪಿನ ಮಧ್ಯಯುಗದ ಕ್ರುಸೇಡುಗಳೇ (ಪೋಪರ ಕರೆಯ ಮೇಲೆ ನಡೆದ ಕ್ರೈಸ್ತ ಧರ್ಮಯುದ್ಧಗಳು) ಮುಂದೆ ವಸಾಹತುಶಾಹಿಗೆ ದಾರಿ ಮಾಡಿಕೊಟ್ಟವು ಅನ್ನುವ ಮಾತು ಎಲ್ಲ ಕಡೆ ಓದಲು ಸಿಗುತ್ತದೆ. ಹೇಗೆ ಅಂತ ಕೇಳಿದರೆ ಮಾತ್ರ ಹೆಚ್ಚಿನ ಲೇಖನಗಳು ‘ಅದೇ ಮತಾವೇಶ ಮುಂದುವರಿಯಿತು’ ಎಂದು ಕೈ ತೊಳೆದುಕೊಳ್ಳುತ್ತವೆ. ಪ್ಯಾಲೆಸ್ಟೈನಿನಲ್ಲಿ ಕ್ರುಸೇಡರ ಕೈಯಲ್ಲಿ ಉಳಿದಿದ್ದ ಆಕ್ರೆ ಪಟ್ಟಣ ಬಿದ್ದದ್ದು 1291ರಲ್ಲಿ. ಕೊಲಂಬಸ್ ಹಡಗು ಹತ್ತಿದ್ದು 1492ರಲ್ಲಿ. ನಡುವಿನ 200 ವರ್ಷದಲ್ಲಿ ಕೈಯಿಂದ ಕೈಗೆ ದಾಟಿದ್ದು ಏನು? ಹಣವೇ, ಕಾನೂನೇ, ಸಂಸ್ಥೆಯೇ?

ಪದವಿ ತರಗತಿಗೆ ಎರಡು ಗಂಟೆಯ ಪಾಠಕ್ಕಾಗಿ ಕೇಳುತ್ತಿದ್ದೇನೆ. ಕಾಗದದ ಮೇಲೆ ತೋರಿಸಬಹುದಾದ ಕೊಂಡಿಗಳಷ್ಟೇ ಸಾಕು. ಮಿಷನರಿಗಳು ಇದರಲ್ಲಿ ಯಾವ ಕಡೆ ನಿಂತರು, ನಮ್ಮ ಕೆನರಾ ಕರಾವಳಿಗೆ ಇದರ ನೇರ ನಂಟು ಉಂಟೇ ಅನ್ನುವುದನ್ನೂ ತಿಳಿದವರು ಹೇಳಬೇಕು. ಎಲ್ಲಿ ಎಡವುವ ಸಂಭವ ಜಾಸ್ತಿ ಅನ್ನುವುದೂ ಗೊತ್ತಾದರೆ ಉಪಕಾರ.

ಹಳೆಕಡತ

ಮೊದಲು ಆ 200 ವರ್ಷದ ವಿಷಯ. 1291ಕ್ಕೆ ಮುಗಿದದ್ದು ಪ್ಯಾಲೆಸ್ಟೈನಿನ ಕ್ರುಸೇಡರ್ ರಾಜ್ಯ ಮಾತ್ರ. ಕ್ರುಸೇಡ್ ಅಷ್ಟು ಹೊತ್ತಿಗೆ ಪೋಪರ ಒಪ್ಪಿಗೆ ಇದ್ದರೆ ಯಾವ ಗಡಿಗಾದರೂ ಒಯ್ಯಬಹುದಾದ ಕಟ್ಟುಪಾಡಾಗಿತ್ತು. ಹೋದವನಿಗೆ ಪಾಪದ ದಂಡನೆ ಮಾಫಿ, ಅವನು ಊರಲ್ಲಿಲ್ಲದಾಗ ಆಸ್ತಿಗೆ ಚರ್ಚಿನ ರಕ್ಷಣೆ, ಸಾಲದ ಬಡ್ಡಿಗೆ ತಡೆ, ಖರ್ಚಿಗೆ ಪಾದ್ರಿಗಳ ಆದಾಯದ ಮೇಲೆ ತೆರಿಗೆ. ಈ ತೆರಿಗೆ 1199ರಲ್ಲಿ ನಲವತ್ತರಲ್ಲೊಂದು ಪಾಲಾಗಿ ಶುರುವಾಯಿತು, 1215ರಲ್ಲಿ ಮೂರು ವರ್ಷಕ್ಕೆ ಇಪ್ಪತ್ತರಲ್ಲೊಂದಾಯಿತು, 1274ರ ಲಿಯಾನ್ ಮಹಾಸಭೆಯಲ್ಲಿ ಆರು ವರ್ಷಕ್ಕೆ ಹತ್ತರಲ್ಲೊಂದಾಯಿತು. ಗಡಿ ಯಾವುದಾದರೂ ಆಗಬಹುದಿತ್ತು ಅನ್ನುವುದಕ್ಕೆ 1147ನೇ ಇಸವಿ ಒಂದೇ ಸಾಕು. ಆ ವರ್ಷ ಒಂದು ಪಡೆ ಜೆರುಸಲೇಮಿನ ಕಡೆ ಹೊರಟಿತು, ಇನ್ನೊಂದು ಬಾಲ್ಟಿಕ್ ಕರಾವಳಿಯ ವೆಂಡ್ ಜನರ ಮೇಲೆ ಬಿತ್ತು. ಇಂಗ್ಲೆಂಡ್, ಫ್ಲ್ಯಾಂಡರ್ಸ್, ಜರ್ಮನಿಯಿಂದ ಹಡಗಿನಲ್ಲಿ ಬಂದವರು ದಾರಿಯಲ್ಲೇ ನಿಂತು ಪೋರ್ಚುಗಲ್ಲಿನ ಅರಸನಿಗೆ ಲಿಸ್ಬನ್ ಗೆದ್ದುಕೊಟ್ಟರು.

ಪೋರ್ಚುಗಲ್ಲಿನಲ್ಲಿ ಸಂಸ್ಥೆಯ ಕೊಂಡಿ ಬರಿಗಣ್ಣಿಗೇ ಕಾಣುತ್ತದೆ. ಕ್ರುಸೇಡಿಗೆಂದೇ ಹುಟ್ಟಿದ ಟೆಂಪ್ಲರ್ ನೈಟರ ಸಂಘವನ್ನು ಪೋಪರು 1312ರಲ್ಲಿ ಬರ್ಖಾಸ್ತು ಮಾಡಿದರು. ಬೇರೆ ಕಡೆ ಅದರ ಆಸ್ತಿ ಬಹುಪಾಲು ಹಾಸ್ಪಿಟಲರ್ ಅನ್ನುವ ಇನ್ನೊಂದು ನೈಟರ ಸಂಘಕ್ಕೆ ಹೋಯಿತು. ಅರಸ ದಿನಿಸ್ ಅದಕ್ಕೆ ಒಪ್ಪಲಿಲ್ಲ. ಪೋಪರ ಜತೆ ಮಾತುಕತೆ ನಡೆಸಿ 1319ರಲ್ಲಿ ಅದೇ ಆಸ್ತಿಯ ಮೇಲೆ ಆರ್ಡರ್ ಆಫ್ ಕ್ರೈಸ್ಟ್ ಅನ್ನುವ ಹೊಸ ಸಂಘ ಮಾಡಿಸಿಕೊಂಡ. ಅದರ ಕೇಂದ್ರ ಮೊದಲು ಕಾಸ್ತ್ರೊ ಮರೀಂ, ಆಮೇಲೆ ಟೆಂಪ್ಲರರ ಹಳೆಯ ಕೋಟೆಯಾದ ತೋಮಾರ್. 1420ರಲ್ಲಿ ಈ ಸಂಘದ ಆಡಳಿತಗಾರನಾಗಿ ಬಂದವನೇ ರಾಜಕುಮಾರ ಹೆನ್ರಿ, ಪಠ್ಯಪುಸ್ತಕಗಳ ‘ನಾವಿಕ ಹೆನ್ರಿ’. ಆಫ್ರಿಕಾ ಕರಾವಳಿಯ ಯಾನಗಳಿಗೆ ಈ ಸಂಘದ ಆದಾಯ ಹೋಯಿತು, ಗಿನಿ ವ್ಯಾಪಾರ ಕುದುರಿದ ಮೇಲೆ ಅದರ ಇಪ್ಪತ್ತರಲ್ಲೊಂದು ಪಾಲು ಸಂಘಕ್ಕೆ ವಾಪಸು ಬಂತು. 1456ರಲ್ಲಿ ಪೋಪ್ ಮೂರನೇ ಕಲಿಕ್ಸ್ಟಸ್ ಬೊಜಾಡೋರ್ ಭೂಶಿರದಿಂದ ಇಂಡಿಯನ್ನರ ನಾಡಿನ ತನಕದ ಚರ್ಚಿನ ಅಧಿಕಾರವನ್ನೂ ಈ ಸಂಘಕ್ಕೇ ಕೊಟ್ಟರು. ಆಗ ಪೋರ್ಚುಗೀಸರು ಆಫ್ರಿಕಾದ ತುದಿಯನ್ನೇ ಕಂಡಿರಲಿಲ್ಲ. ಇಂಡಿಯಾಕ್ಕೆ ಬಂದ ಹಡಗುಗಳ ಹಾಯಿಯ ಮೇಲಿದ್ದ ಕೆಂಪು ಶಿಲುಬೆ ಈ ಸಂಘದ ಲಾಂಛನ.

ಸ್ಪೇನಿನ ಕಡೆ ಜಾಡು ಹಿಡಿಯಬೇಕಾದ್ದು ‘ಕ್ರುಸಾದಾ’ ಅನ್ನುವ ಆದಾಯವನ್ನು. 1482ರಲ್ಲಿ ಸ್ಪೇನಿನ ದಕ್ಷಿಣದ ಮುಸ್ಲಿಂ ರಾಜ್ಯ ಗ್ರನಾಡಾ ಮೇಲಿನ ಯುದ್ಧಕ್ಕೆಂದು ಪೋಪ್ ನಾಲ್ಕನೇ ಸಿಕ್ಸ್ಟಸ್ ಇದನ್ನು ಮಂಜೂರು ಮಾಡಿದರು. ಯುದ್ಧಕ್ಕೆ ಹೋಗಲಾಗದವನು ದುಡ್ಡು ಕೊಟ್ಟು ಪಾಪಕ್ಷಮೆಯ ಚೀಟಿ ಪಡೆಯಬಹುದು. ಚೀಟಿ ಅಚ್ಚಾಗಿ ಬರುತ್ತಿತ್ತು, ಕೊಂಡವನ ಹೆಸರಿಗೆ ಖಾಲಿ ಜಾಗ ಬಿಟ್ಟಿರುತ್ತಿದ್ದರು, ಬೋಧಕರು ಊರೂರಿಗೆ ಹೋಗಿ ಹಂಚುತ್ತಿದ್ದರು. ಚೀಟಿ ಇದ್ದವನಿಗೆ ತಪಸ್ಸುಕಾಲದಲ್ಲಿ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ) ಹಾಲು ಮೊಟ್ಟೆ ತಿನ್ನುವ ರಿಯಾಯಿತಿಯೂ ಸಿಗುತ್ತಿದ್ದುದರಿಂದ ಭಕ್ತಿ ಕಮ್ಮಿ ಇದ್ದವರೂ ಕೊಳ್ಳುತ್ತಿದ್ದರು. 16ನೇ ಶತಮಾನದ ಕ್ಯಾಸ್ಟೀಲಿನಲ್ಲಿ ಸಾಮಾನ್ಯರ ಚೀಟಿಗೆ 2 ರಿಯಾಲ್.

ನಿಮ್ಮ ಪಾಠಕ್ಕೆ ಬೇಕಾದ ಕಾಗದ ಈ ಕ್ರುಸಾದಾ ಲೆಕ್ಕದಲ್ಲೇ ಇದೆ. ಬಾದಾಹೋಸ್ ಧರ್ಮಪ್ರಾಂತ್ಯದ ಕ್ರುಸಾದಾ ಖಜಾಂಚಿ ಅಲೋನ್ಸೊ ದೆ ಲಾಸ್ ಕಾಬೇಸಾಸ್. ಅವನ ಲೆಕ್ಕದಲ್ಲಿ 1492ರ ಮೇ 5ರ ಆದೇಶದ ಪ್ರಕಾರ ಲೂಯಿಸ್ ದೆ ಸಾಂತಾಂಹೆಲ್ ಅನ್ನುವ ರಾಜಾಧಿಕಾರಿಗೆ ಸಂದಾಯವಾದ 26,40,000 ಮರವೇದಿ (ಆಗಿನ ಸ್ಪೇನಿನ ನಾಣ್ಯ) ನಮೂದಾಗಿದೆ. ಅದರಲ್ಲಿ 15,00,000 ಗ್ರನಾಡಾ ಯುದ್ಧಕ್ಕೆ ಸಾಲ ಕೊಟ್ಟಿದ್ದ ಇಸಾಕ್ ಅಬ್ರವನೆಲ್‌ಗೆ. ಉಳಿದ 11,40,000 ಕೊಲಂಬಸನ ಹಡಗುಗಳಿಗೆ ಸಾಂತಾಂಹೆಲ್ ಕೊಟ್ಟಿದ್ದ ಮುಂಗಡದ ಮರುಪಾವತಿ. ಬಾದಾಹೋಸಿನ ಊರುಗಳಲ್ಲಿ ಪಾಪಕ್ಷಮೆಯ ಚೀಟಿ ಮಾರಿ ಬಂದ ದುಡ್ಡು ಒಂದೇ ನಮೂದಿನಲ್ಲಿ ಮುಸ್ಲಿಂ ರಾಜ್ಯದ ಮೇಲಿನ ಯುದ್ಧದ ಸಾಲವನ್ನೂ ಅಟ್ಲಾಂಟಿಕ್ ಯಾನದ ಸಾಲವನ್ನೂ ತೀರಿಸಿದೆ. ತರಗತಿಯಲ್ಲಿ ಇದರ ಜತೆಗೆ ಇನ್ನೊಂದು ದಿನಾಂಕವನ್ನೂ ಬರೆಯಿರಿ: ಯಹೂದಿಗಳನ್ನು ಸ್ಪೇನಿನಿಂದ ಹೊರಹಾಕುವ ಆಜ್ಞೆಗೆ ಸಹಿ ಬಿದ್ದದ್ದು 1492ರ ಮಾರ್ಚ್ 31ಕ್ಕೆ. ಸಾಲ ವಾಪಸು ಪಡೆಯುತ್ತಿರುವ ಅಬ್ರವನೆಲ್ ಯಹೂದಿ. ಅವರು ಆ ವರ್ಷವೇ ದೇಶ ಬಿಟ್ಟರು.

ರಾಣಿ ಇಸಬೆಲಾ ಒಡವೆ ಅಡವಿಟ್ಟು ಕೊಲಂಬಸನಿಗೆ ದುಡ್ಡು ಕೊಟ್ಟಳು ಅನ್ನುವ ಕತೆಯನ್ನು ದಯವಿಟ್ಟು ಪಾಠದಿಂದ ತೆಗೆದುಹಾಕಿ.

ಮಸೂದೆ

ಹಳೆಕಡತ ಅವರು ಹಣದ ಜಾಡು ಕೊಟ್ಟರು, ನಾನು ಕಾನೂನಿನದು ಕೊಡುತ್ತೇನೆ. ವಿದ್ಯಾರ್ಥಿಗಳು ಹೆಚ್ಚು ಗೊಂದಲ ಮಾಡಿಕೊಳ್ಳುವುದೂ ಇಲ್ಲೇ.

ಮೂಲ ಪ್ರಶ್ನೆ ಹುಟ್ಟಿದ್ದು 1250ರ ಆಸುಪಾಸು. ಕ್ರೈಸ್ತರಲ್ಲದವರು ಆಳುತ್ತಿರುವ ನೆಲವನ್ನು, ಅವರು ಕ್ರೈಸ್ತರಲ್ಲ ಅನ್ನುವ ಒಂದೇ ಕಾರಣಕ್ಕೆ ಕಿತ್ತುಕೊಳ್ಳಬಹುದೇ? ಪೋಪ್ ನಾಲ್ಕನೇ ಇನೊಸೆಂಟ್ ಸ್ವತಃ ಕಾನೂನು ಪಂಡಿತರು. ಅವರ ಉತ್ತರ: ಕೂಡದು, ಒಡೆತನವೂ ಆಳುವ ಹಕ್ಕೂ ಪ್ರಕೃತಿನಿಯಮದಿಂದಲೇ ಎಲ್ಲ ಮನುಷ್ಯರಿಗೂ ಬಂದವು. ಇಷ್ಟಕ್ಕೇ ನಿಲ್ಲಿಸಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತೇನೋ. ಅವರು ಎರಡು ಬಾಗಿಲು ತೆರೆದಿಟ್ಟರು. ಪ್ರಕೃತಿನಿಯಮ ಮೀರಿದವರನ್ನು ಪೋಪ್ ದಂಡಿಸಬಹುದು. ಕ್ರೈಸ್ತ ಬೋಧಕರಿಗೆ ಅಡ್ಡಿ ಮಾಡಿದ ಅರಸನ ಮೇಲೆ ಸೈನ್ಯ ಕಳಿಸಬಹುದು. ಹಾಗಾದರೆ ಮುಸ್ಲಿಂ ಬೋಧಕರನ್ನೂ ನಾವು ಒಳಗೆ ಬಿಡಬೇಕಲ್ಲ ಅನ್ನುವ ಆಕ್ಷೇಪವನ್ನು ಅವರೇ ಎತ್ತಿಕೊಂಡು, ಇಲ್ಲ, ಅವರು ತಪ್ಪುದಾರಿಯಲ್ಲಿದ್ದಾರೆ, ನಾವು ಸರಿದಾರಿಯಲ್ಲಿದ್ದೇವೆ ಎಂದು ಮುಗಿಸಿದರು. ಅವರ ನಂತರದ ಪಂಡಿತ ಹೊಸ್ಟಿಯೆನ್ಸಿಸ್ ಇನ್ನೂ ಕಡುವಾಗಿ, ಕ್ರಿಸ್ತ ಬಂದ ಮೇಲೆ ಕ್ರೈಸ್ತರಲ್ಲದವರ ಆಳುವ ಹಕ್ಕೆಲ್ಲ ಕ್ರೈಸ್ತರ ಪಾಲಾಯಿತು ಅಂದ. ಮುಂದಿನ 300 ವರ್ಷದ ವಾದಗಳೆಲ್ಲ ಈ ಇಬ್ಬರ ನಡುವೆಯೇ ತೂಗಾಡಿವೆ.

ವಾದ ಪ್ಯಾಲೆಸ್ಟೈನಿನಿಂದ ಅಟ್ಲಾಂಟಿಕ್ಕಿಗೆ ಬಂದದ್ದು ಆಫ್ರಿಕಾದ ವಾಯವ್ಯ ಕರಾವಳಿಯಾಚೆಯ ಕೆನರಿ ದ್ವೀಪಗಳ ಮೂಲಕ. ಅಲ್ಲಿನ ಜನ ಮುಸ್ಲಿಮರಲ್ಲ, ಯಾವ ಕ್ರೈಸ್ತ ನೆಲವನ್ನೂ ಆಕ್ರಮಿಸಿದವರಲ್ಲ. ಕಳೆದುಕೊಂಡದ್ದನ್ನು ವಾಪಸು ಪಡೆಯುತ್ತಿದ್ದೇವೆ ಅನ್ನುವ ಕ್ರುಸೇಡಿನ ಹಳೆಯ ಸಮರ್ಥನೆ ಅಲ್ಲಿ ನಿಲ್ಲುವುದೇ ಇಲ್ಲ. 1435ರಲ್ಲಿ ಪೋಪ್ ನಾಲ್ಕನೇ ಯುಜೀನ್, ಹಿಡಿದ ದ್ವೀಪವಾಸಿಗಳನ್ನು 15 ದಿನದೊಳಗೆ ಬಿಡದಿದ್ದರೆ ಬಹಿಷ್ಕಾರ ಎಂದು ಆಜ್ಞೆ ಹೊರಡಿಸಿದರು. ಮರುವರ್ಷ ಪೋರ್ಚುಗಲ್ಲಿನ ಅರಸ ದುವಾರ್ತೆ, ಇವರು ಕಾಡುಜನ, ಇವರನ್ನು ನಾಗರಿಕರನ್ನಾಗಿ ಕ್ರೈಸ್ತರನ್ನಾಗಿ ಮಾಡಲು ಗೆಲ್ಲುವುದೇ ದಾರಿ ಎಂದು ಬರೆದ. ಮುಂದಿನ ವಸಾಹತುಶಾಹಿಯ ಭಾಷೆ ಆ ಪತ್ರದಲ್ಲೇ ಪೂರ್ತಿ ಇದೆ. ಗ್ರನಾಡಾ, ಕೊಲಂಬಸ್ ಅಂತ ಓಡುವ ಬದಲು ಇಲ್ಲಿ ಹತ್ತು ನಿಮಿಷ ನಿಲ್ಲಿ.

ಇನ್ನು ಪೋಪರ ಆಜ್ಞಾಪತ್ರ, ಅಂದರೆ ಬುಲ್, ಓದುವಾಗ ಆಗುವ ತಪ್ಪುಗಳು. ಬುಲ್‌ಗೆ ಪ್ರತ್ಯೇಕ ಹೆಸರಿರುವುದಿಲ್ಲ, ಶುರುವಿನ ಎರಡು ಮೂರು ಪದವೇ ಹೆಸರು. ಹಾಗಾಗಿ ‘ಇಂತೆರ್ ಸೇತೆರಾ’ ಅನ್ನುವ ಹೆಸರಿನವು ಒಂದಕ್ಕಿಂತ ಹೆಚ್ಚಿವೆ. 1456ರದ್ದು ಆರ್ಡರ್ ಆಫ್ ಕ್ರೈಸ್ಟ್‌ಗೆ ಕೊಟ್ಟದ್ದು. 1493ರ ಮೇ 3 ಮತ್ತು ಮೇ 4ರವು ಹೊಸದಾಗಿ ಸಿಕ್ಕ ನಾಡುಗಳನ್ನು ಸ್ಪೇನಿಗೆ ದಾನ ಕೊಟ್ಟವು, ಅಜೋರ್ಸ್ ಮತ್ತು ಕೇಪ್ ವರ್ಡಿಯಿಂದ 100 ಲೀಗ್ (ಹಳೆಯ ದೂರದ ಅಳತೆ) ಪಶ್ಚಿಮಕ್ಕೆ ಸ್ಪೇನಿನ ಪಾಲು ಗುರುತಿಸುವ ಗೆರೆ ಇರುವುದು ಮೇ 4ರದ್ದರಲ್ಲಿ ಮಾತ್ರ. ಅದನ್ನು 370 ಲೀಗಿಗೆ ಸರಿಸಿದ್ದು 1494ರ ತೊರ್ದೆಸಿಲ್ಲಾಸ್ ಒಪ್ಪಂದ, ಪೋಪರಲ್ಲ. ಯಾವ ದಿನಾಂಕದ್ದು ಅಂತ ಹೇಳದೆ ಹೆಸರಷ್ಟೇ ಹೇಳಿದ ಲೇಖನವನ್ನು ನಂಬಬೇಡಿ.

ದಿನಾಂಕದಲ್ಲೂ ಒಂದು ಗುಂಡಿ ಇದೆ. ಪೋರ್ಚುಗಲ್ಲಿಗೆ ಕೊಟ್ಟ ‘ರೊಮಾನುಸ್ ಪೊಂತಿಫೆಕ್ಸ್’ ಬುಲ್ 1454ರದ್ದು ಅಂತ ಕೆಲವರು, 1455ರದ್ದು ಅಂತ ಕೆಲವರು ಬರೆಯುತ್ತಾರೆ. ಮೂಲದಲ್ಲಿ ಇರುವುದು: 1454ನೇ ವರ್ಷ, ಜನವರಿಯ ಇದೆಸ್‌ಗೆ ಆರನೇ ದಿನ ಮುಂಚೆ, ಪೋಪರ ಅಧಿಕಾರದ ಎಂಟನೇ ವರ್ಷ. ಜನವರಿಯ ಇದೆಸ್ ಅಂದರೆ 13. ರೋಮನ್ ಪದ್ಧತಿಯಲ್ಲಿ ಎರಡು ತುದಿಯನ್ನೂ ಎಣಿಸುವುದರಿಂದ ಆರನೇ ದಿನ ಅಂದರೆ ಜನವರಿ 8. ವರ್ಷ ಬದಲಾಗುವುದು ಮಾರ್ಚ್ 25ಕ್ಕೆ, ಹಾಗಾಗಿ ಅವರ 1454ರ ಜನವರಿ ನಮ್ಮ 1455ರ ಜನವರಿ. ಸರಿಯೇ ಅಂತ ತಾಳೆ ನೋಡಲು ಅಧಿಕಾರದ ವರ್ಷ ಹಿಡಿಯಿರಿ: ಐದನೇ ನಿಕೊಲಸ್ ಪೋಪ್ ಆದದ್ದು 1447ರ ಮಾರ್ಚಿನಲ್ಲಿ, ಎಂಟನೇ ವರ್ಷ 1454ರ ಮಾರ್ಚಿನಿಂದ 1455ರ ಮಾರ್ಚಿನ ತನಕ. ಕೂಡಿಬಂತು.

ಈ ಬುಲ್ ಒಳಗೆ ಕ್ರುಸೇಡಿನ ಗುರುತು ಹುಡುಕುವವರು ಕ್ರೈಸ್ತರಲ್ಲದವರನ್ನು ಗುಲಾಮರನ್ನಾಗಿಸಲು ಬಿಡುವ ಸಾಲಿಗೆ ಹೋಗಿ ನಿಲ್ಲುತ್ತಾರೆ. ಅದನ್ನು ಓದಲೇಬೇಕು, ಆದರೆ ವ್ಯಾಪಾರದ ಸಾಲನ್ನೂ ಬಿಡಬೇಡಿ. ಮುಸ್ಲಿಮರ ಜತೆ ವ್ಯಾಪಾರ ಮಾಡಲು ಅದು ಪೋರ್ಚುಗೀಸರಿಗೆ ಅನುಮತಿ ಕೊಡುತ್ತದೆ, ಕಬ್ಬಿಣದ ಸಾಮಾನು, ಮರ, ಹಗ್ಗ, ಹಡಗು, ಆಯುಧ ಮಾತ್ರ ಮಾರಕೂಡದು. ಇದು ಹೊಸ ಪಟ್ಟಿ ಏನಲ್ಲ. ಮುಸ್ಲಿಮರಿಗೆ ಆಯುಧ, ಕಬ್ಬಿಣ, ಹಡಗಿನ ಮರ ಮಾರಬಾರದು ಅಂತ 1179ರ ಮೂರನೇ ಲ್ಯಾಟರನ್ ಮಹಾಸಭೆ ಕ್ರುಸೇಡಿನ ಸಲುವಾಗಿ ಹಾಕಿದ್ದ ನಿರ್ಬಂಧವೇ ಅದು. ಎಲ್ಲರಿಗೂ ನಿಷೇಧ, ಒಬ್ಬ ಅರಸನಿಗೆ ಮಾತ್ರ ವಿನಾಯಿತಿ ಅಂದಮೇಲೆ ಕೈಗೆ ಸಿಗುವುದು ಏಕಸ್ವಾಮ್ಯ. ಬೇರೆ ಕ್ರೈಸ್ತರು ಅರಸನ ಅಪ್ಪಣೆ ಇಲ್ಲದೆ ಆ ಸಮುದ್ರಕ್ಕೆ ಹೋದರೆ ಬಹಿಷ್ಕಾರ ಅನ್ನುವ ಸಾಲು ಅದರ ಜತೆಗೇ ಇದೆ.

ಕೊನೆಯದು 1513ರ ‘ರೆಕೆರಿಮಿಯೆಂತೊ’. ಬರೆದವರು ಸ್ಪೇನಿನ ನ್ಯಾಯಶಾಸ್ತ್ರಜ್ಞ ಪಲಾಸಿಯೊಸ್ ರೂಬಿಯೊಸ್, 1514ರಲ್ಲಿ ಪೆದ್ರಾರಿಯಾಸ್ ದಾವಿಲನ ಪಡೆ ಅದನ್ನು ಅಮೆರಿಕಕ್ಕೆ ಒಯ್ದಿತು. ದಾಳಿಗೆ ಮುಂಚೆ ಅಲ್ಲಿನ ಜನರ ಎದುರು ಓದಬೇಕಾದ ನೋಟಿಸು ಅದು. ಜಗತ್ತಿನ ಸೃಷ್ಟಿಯಿಂದ ಶುರುವಾಗಿ ಸಂತ ಪೀಟರ್, ಪೋಪ್, 1493ರ ದಾನದ ತನಕ ಹೇಳಿ, ಒಪ್ಪಿಕೊಂಡು ಬೋಧಕರನ್ನು ಬಿಟ್ಟುಕೊಳ್ಳಿ, ಇಲ್ಲದಿದ್ದರೆ ಯುದ್ಧ ಮಾಡಿ ಹೆಂಡಿರು ಮಕ್ಕಳನ್ನೂ ಗುಲಾಮರನ್ನಾಗಿಸುತ್ತೇವೆ, ಆಗುವ ಸಾವುನೋವಿಗೆ ನೀವೇ ಹೊಣೆ ಅನ್ನುತ್ತದೆ. ಕೊನೆಯಲ್ಲಿ, ಹಾಜರಿರುವ ನೋಟರಿ ಇದಕ್ಕೆ ಸಹಿ ಹಾಕಿದ ಪ್ರಮಾಣಪತ್ರ ಕೊಡಬೇಕು ಎಂಬ ಕೋರಿಕೆ. ಕೇಳುವವರಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ, ಎಷ್ಟೋ ಸಲ ಅವರು ಅಲ್ಲಿ ಇರುತ್ತಲೇ ಇರಲಿಲ್ಲ. ಆದರೂ ನೋಟರಿಯ ಕಾಗದ ಮಾತ್ರ ಬೇಕೇ ಬೇಕು, ಏಕೆಂದರೆ ಯುದ್ಧ ನ್ಯಾಯದ್ದು ಅಂತ ದಾಖಲಾದರೆ ಸೆರೆಯಾಳು ಕಾನೂನುಬದ್ಧ ಗುಲಾಮ. ಬೋಧಕರನ್ನು ಒಳಗೆ ಬಿಡದ ಅರಸನ ಮೇಲೆ ಸೈನ್ಯ ಕಳಿಸಬಹುದು ಅನ್ನುವ ಇನೊಸೆಂಟರ ಬಾಗಿಲು ಇಲ್ಲಿ ಅಚ್ಚುಕಟ್ಟಾದ ಸರಕಾರಿ ನಮೂನೆಯಾಗಿದೆ. ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ತುಂಗಾತೀರ

ಇಬ್ಬರಿಗೂ ಧನ್ಯವಾದ. ಬಾದಾಹೋಸಿನ ನಮೂದು ಮತ್ತು ರೆಕೆರಿಮಿಯೆಂತೊ, ಎರಡನ್ನೂ ಪಾಠಕ್ಕೆ ತೆಗೆದುಕೊಳ್ಳುತ್ತೇನೆ. ಮಿಷನರಿಗಳ ವಿಷಯದಲ್ಲಿ ಎರಡು ತುದಿಯ ಮಾತು ಕೇಳುತ್ತೇವೆ. ಅವರು ಸೈನ್ಯದ ಮುಂಗಾವಲು ಅನ್ನುವವರಿದ್ದಾರೆ, ಅವರೇ ಸ್ಥಳೀಯರನ್ನು ಕಾಪಾಡಿದರು ಅನ್ನುವವರೂ ಇದ್ದಾರೆ. ಯಾವುದನ್ನು ಕಲಿಸಬೇಕು?

ಸೇಂಟ್‌ಪಾಲ್_ಕಾಲೇಜು

ಆ ಎರಡರ ನಡುವೆ ಆರಿಸಲು ಹೋಗಬೇಡಿ. ಅವರಿಗೆ ಸಂಬಳ ಕೊಡುತ್ತಿದ್ದವರು ಯಾರು, ಅವರನ್ನು ನೇಮಿಸುತ್ತಿದ್ದವರು ಯಾರು ಅಂತ ಕೇಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

1486ರಲ್ಲಿ ಗ್ರನಾಡಾ ಇನ್ನೂ ಪೂರ್ತಿ ಕೈಗೆ ಬರುವ ಮುಂಚೆಯೇ ಅಲ್ಲಿನ ಮತ್ತು ಕೆನರಿ ದ್ವೀಪಗಳ ಚರ್ಚುಗಳಿಗೆ ಬಿಷಪ್ಪರನ್ನು ಸೂಚಿಸುವ ಹಕ್ಕನ್ನು ಸ್ಪೇನಿನ ಅರಸರು ಪೋಪರಿಂದ ಬರೆಸಿಕೊಂಡರು. ಮುಸ್ಲಿಮರ ಮೇಲಿನ ಯುದ್ಧಕ್ಕೆ ಸಿಕ್ಕ ಬಳುವಳಿ ಅದು. 1501ರಲ್ಲಿ ಅಮೆರಿಕದ ಚರ್ಚಿನ ದಶಾಂಶ ತೆರಿಗೆ ಅರಸರಿಗೆ, ಬದಲಿಗೆ ಚರ್ಚು ಕಟ್ಟಿಸಿ ನಡೆಸುವ ಖರ್ಚೂ ಅವರದೇ. 1508ರಲ್ಲಿ ಗ್ರನಾಡಾದ ಮಾದರಿಯ ನೇಮಕದ ಹಕ್ಕು ಇಡೀ ಅಮೆರಿಕಕ್ಕೆ ಬಂತು. ಸೆವಿಲ್ಲಾದಿಂದ ಹೊರಡುವ ಸಂನ್ಯಾಸಿಗಳ ಹಡಗು ಖರ್ಚನ್ನು ಅರಸರ ಖಜಾನೆ ಕೊಡುತ್ತಿತ್ತು. ಕಾಲಕ್ರಮದಲ್ಲಿ ಪೋಪರ ಪತ್ರವೇ ಆದರೂ ರಾಜಮಂಡಳಿಯ ಒಪ್ಪಿಗೆ ಇಲ್ಲದೆ ಅಮೆರಿಕದಲ್ಲಿ ಜಾರಿಯಾಗದ ಸ್ಥಿತಿ ಬಂತು. ಪೋರ್ಚುಗಲ್ಲಿನ ಪದ್ರೊಆದೊ, ಅಂದರೆ ಚರ್ಚಿನ ಮೇಲೆ ಅಲ್ಲಿನ ಅರಸರಿಗಿದ್ದ ಪೋಷಕ ಹಕ್ಕು, ಇದರದೇ ಜೋಡಿ, ಅದು ಬೆಳೆದದ್ದು ಹಳೆಕಡತ ಅವರು ಹೇಳಿದ ಆರ್ಡರ್ ಆಫ್ ಕ್ರೈಸ್ಟ್ ಬೇರಿನಿಂದ. 1551ರಲ್ಲಿ ಆ ಸಂಘದ ಮುಖ್ಯಸ್ಥಿಕೆ ಶಾಶ್ವತವಾಗಿ ಅರಸರದಾಯಿತು.

ಇಷ್ಟು ಕಟ್ಟಿಹಾಕಿದರೂ ಒಳಗಿಂದಲೇ ವಿರೋಧ ಬಂತು. 1511ರ ಡಿಸೆಂಬರ್ 21ರಂದು ಹಿಸ್ಪಾನಿಯೊಲಾ ದ್ವೀಪದಲ್ಲಿ ಡೊಮಿನಿಕನ್ ಸಂನ್ಯಾಸಿ ಅಂತೋನಿಯೊ ಮೊಂತೆಸಿನೊಸ್ ಪೀಠ ಹತ್ತಿ, ಇವರೂ ಮನುಷ್ಯರಲ್ಲವೇ, ಯಾವ ಹಕ್ಕಿನಿಂದ ಇವರನ್ನು ದುಡಿಸಿ ಕೊಲ್ಲುತ್ತಿದ್ದೀರಿ ಎಂದು ವಸಾಹತುಗಾರರ ಮುಖಕ್ಕೇ ಕೇಳಿದರು. ದೂರು ಸ್ಪೇನಿಗೆ ಹೋಯಿತು. 1512ರ ಡಿಸೆಂಬರ್ 27ರಂದು ಸ್ಥಳೀಯರನ್ನು ದುಡಿಸುವುದಕ್ಕೆ ನಿಯಮ ಹಾಕಿದ ಬುರ್ಗೊಸ್ ಕಾಯಿದೆಗಳು ಬಂದವು. ಮಸೂದೆ ಅವರು ವಿವರಿಸಿದ ರೆಕೆರಿಮಿಯೆಂತೊ ಹುಟ್ಟಿದ್ದೂ ಇದೇ ಚರ್ಚೆಯ ಬಿಸಿಯಲ್ಲಿ. ಸಂನ್ಯಾಸಿಗಳು ನ್ಯಾಯದ ಪ್ರಶ್ನೆ ಎತ್ತಿದರು, ಆಡಳಿತ ಅದಕ್ಕೆ ಒಂದು ವಿಧಿವಿಧಾನ ಹೊಲಿದುಕೊಟ್ಟು ದಾಳಿ ಮುಂದುವರಿಸಿತು. 1537ರಲ್ಲಿ ಪೋಪ್ ಮೂರನೇ ಪೌಲ್, ಅಲ್ಲಿನವರು ಕ್ರೈಸ್ತರಾಗದಿದ್ದರೂ ಅವರ ಸ್ವಾತಂತ್ರ್ಯ ಮತ್ತು ಆಸ್ತಿ ಕಸಿಯಕೂಡದು ಅಂದರು. 1539ರಲ್ಲಿ ಸಲಮಾಂಕಾದ ಪ್ರಾಧ್ಯಾಪಕ ವಿತೋರಿಯಾ, ಪೋಪರಿಗೆ ಜಗತ್ತಿನ ಒಡೆತನವೇ ಇಲ್ಲ, ಇಲ್ಲದ್ದನ್ನು ದಾನ ಕೊಡಲಾಗದು ಎಂದು 1493ರ ದಾನದ ಬುಡಕ್ಕೇ ಕೊಡಲಿ ಹಾಕಿದರು. ಆದರೆ ಅವರೂ ಬೋಧನೆಗೆ ಅಡ್ಡಿ ಮಾಡಿದರೆ ಬಲಪ್ರಯೋಗ ಸರಿ ಅನ್ನುವ ಹಳೆಯ ಬಾಗಿಲನ್ನು ಮುಚ್ಚಲಿಲ್ಲ. ವಿದ್ಯಾರ್ಥಿಗಳಿಗೆ ಇದನ್ನು ತಪ್ಪದೆ ತೋರಿಸಿ. ಟೀಕಿಸಿದವರೂ ಅದೇ ಚೌಕಟ್ಟಿನೊಳಗೆ ನಿಂತು ಟೀಕಿಸಿದರು.

ಭಾಷೆ ಕಲಿತು ಬೋಧಿಸುವ ಪದ್ಧತಿಯೂ ಕ್ರುಸೇಡಿನ ಕಾಲದ್ದೇ. ಮಯೋರ್ಕಾ ದ್ವೀಪದಲ್ಲಿ ರಮೋನ್ ಲುಲ್ ಹಠದಿಂದ 1276ರಲ್ಲಿ 13 ಫ್ರಾನ್ಸಿಸ್ಕನ್ನರಿಗೆ ಅರಬ್ಬಿ ಕಲಿಸುವ ಮಠ ತೆರೆಯಿತು. ಟೆಂಪ್ಲರ್ ಸಂಘವನ್ನು ಬರ್ಖಾಸ್ತು ಮಾಡಿದ ವಿಯೆನ್ ಮಹಾಸಭೆಯೇ ಪ್ಯಾರಿಸ್, ಆಕ್ಸ್‌ಫರ್ಡ್, ಬೊಲೋನಿಯಾ, ಸಲಮಾಂಕಾದಲ್ಲಿ ಹೀಬ್ರೂ, ಅರಬ್ಬಿ, ಕಾಲ್ಡಿಯನ್ ಕಲಿಸಬೇಕೆಂದು ತೀರ್ಮಾನಿಸಿತು. ತೀರ್ಮಾನ ಬಹುಪಾಲು ಕಾಗದದಲ್ಲೇ ಉಳಿಯಿತು. 1524ರಲ್ಲಿ 12 ಫ್ರಾನ್ಸಿಸ್ಕನ್ನರು ಮೆಕ್ಸಿಕೊಕ್ಕೆ ಬಂದಿಳಿದ ಮೇಲೆ, 1536ರ ತ್ಲಾತೆಲೋಲ್ಕೊ ಕಾಲೇಜಿನಲ್ಲಿ ಆ ಯೋಚನೆ ನಿಜವಾಗಿ ಕೈಗೂಡಿತು, ಈ ಸಲ ನಾವಾಟ್ಲ್ ಭಾಷೆಯಲ್ಲಿ. ಆಸ್ಟೆಕರ ಬಗ್ಗೆ ಇವತ್ತು ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಆ ಕಾಲೇಜಿನ ನಂಟಿದ್ದ ಸಾಹಗೂನ್ ಮತ್ತು ಅವರ ಸ್ಥಳೀಯ ಶಿಷ್ಯರ ಕೆಲಸದಿಂದ ಬಂದದ್ದು. ಅಲ್ಲಿನ ಗುಡಿಗಳನ್ನು ಕೆಡವಿಸಿದ್ದೂ ಅದೇ ಸಂನ್ಯಾಸಿ ಸಂಘದವರು.

ಬಸರೂರು_ಅಕ್ಕಿ

ಕೆನರಾ ಕರಾವಳಿಯ ಬಗ್ಗೆ ನಾನು ಹೇಳುತ್ತೇನೆ. ನಂಟು ಉಂಟು, ಆದರೆ ಎರಡು ಘಟ್ಟ ಬೇರೆ ಬೇರೆ ಮಾಡಿಕೊಳ್ಳಬೇಕು.

ಮೊದಲ ಘಟ್ಟದಲ್ಲಿ ಪೋರ್ಚುಗೀಸರ ಕಣ್ಣಿಗೆ ಶತ್ರು ಮುಸ್ಲಿಂ ಮಾತ್ರ. 1510ರ ಆರಂಭದಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಹೊರಟಿದ್ದು ಕೆಂಪು ಸಮುದ್ರದ ಕಡೆ, ಈಜಿಪ್ಟಿನ ಮಮ್ಲೂಕರ ನೌಕಾಬಲವನ್ನು ಮುರಿಯಲು. ಅವನನ್ನು ಗೋವೆಯ ಕಡೆ ತಿರುಗಿಸಿದ್ದು ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸ್ ಕಾಗದಗಳ ‘ತಿಮೋಜಾ’. ಗೋವೆ ಆಗ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಊರು ಸುಲಭವಾಗಿ ಸಿಕ್ಕಿತು, ಮೇ ತಿಂಗಳಲ್ಲಿ ಕೈತಪ್ಪಿತು, ನವೆಂಬರ್ 25ಕ್ಕೆ ಮತ್ತೆ ಬಿತ್ತು. ಡಿಸೆಂಬರ್ 22ರಂದು ಅರಸ ಮ್ಯಾನುಯೆಲ್‌ಗೆ ಬರೆದ ಪತ್ರದಲ್ಲಿ, ಸಿಕ್ಕ ಮುಸ್ಲಿಮರನ್ನೆಲ್ಲ ಕೊಲ್ಲಿಸಿದೆ, ಬ್ರಾಹ್ಮಣರನ್ನೂ ರೈತರನ್ನೂ ಕೊಲ್ಲಬೇಡಿ ಅಂದೆ ಎಂದು ಅಲ್ಬುಕರ್ಕ್ ತಾನೇ ಹೇಳಿಕೊಳ್ಳುತ್ತಾನೆ. ಕ್ರುಸೇಡಿನ ಶತ್ರುಪಟ್ಟಿ ಅಷ್ಟು ಕರಾರುವಾಕ್ಕಾಗಿ ಕೆಲಸ ಮಾಡಿತು. ಹಿಂದೂ ನಾಯಕನೊಬ್ಬ ಅದರಲ್ಲಿ ಮಿತ್ರನಾಗಲು ಸಾಧ್ಯವಾದದ್ದೂ ಅದರಿಂದಲೇ. ತಿಮ್ಮಯ್ಯನನ್ನು ದೇಶದ್ರೋಹಿ ಅಂತಲೋ ವೀರ ಅಂತಲೋ ಕರೆಯುವ ಜಗಳಕ್ಕೆ ಪಾಠದ ಸಮಯ ಹಾಳುಮಾಡಬೇಡಿ. ಅವನ ಲೆಕ್ಕಾಚಾರ ಹೊನ್ನಾವರ, ಬಿಜಾಪುರ, ವಿಜಯನಗರದ ರಾಜಕೀಯದ್ದು, ಕ್ರುಸೇಡಿನದ್ದಲ್ಲ.

ಎರಡನೇ ಘಟ್ಟ 1540ರ ಆಚೆಗೆ. ಸೇಂಟ್‌ಪಾಲ್ ಕಾಲೇಜು, ಜೆಸ್ವಿಟ್ ಸಂಘದ ಪಾದ್ರಿಗಳು, ಆಮೇಲೆ 1560ರ ಇಂಕ್ವಿಸಿಷನ್, ಅಂದರೆ ಚರ್ಚಿನ ಮತವಿಚಾರಣೆಯ ನ್ಯಾಯಾಲಯ. ಈಗ ಬ್ರಾಹ್ಮಣರಿಗೂ ರೈತರಿಗೂ ಹಿಂದಿನ ವಿನಾಯಿತಿ ಇಲ್ಲ. ಗೋವೆಯಲ್ಲಿ ಗುಡಿಗಳು ಬಿದ್ದವು, ಗುಡಿಯ ಉಂಬಳಿ ಜಮೀನು ಚರ್ಚು ಮತ್ತು ಕಾಲೇಜಿನ ಖರ್ಚಿಗೆ ಹೋಯಿತು. ಕೊಂಕಣಿ ಮಾತಾಡುವ ಹಿಂದೂಗಳು ದಕ್ಷಿಣಕ್ಕೆ ಬಂದ ಕತೆ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ಕೊಂಕಣಿ ಕ್ರೈಸ್ತರೂ ಹಾಗೇ ಬಂದರು ಅನ್ನುವುದನ್ನು ಮರೆಯುತ್ತೇವೆ. ಮಂಗಳೂರಿನ ಇವತ್ತಿನ ಕೆಥೊಲಿಕ್ ಸಮುದಾಯದ ಬೇರು ದೊಡ್ಡ ಮಟ್ಟಿಗೆ ಆ ವಲಸೆಯಲ್ಲಿದೆ.

ಕೆನರಾದಲ್ಲಿ ಮಾತ್ರ ಪೋರ್ಚುಗೀಸರು ಗೋವೆಯಂತೆ ಮತದ ಆಡಳಿತ ನಡೆಸಲಾಗಲಿಲ್ಲ. 1568-69ರಲ್ಲಿ ಮಂಗಳೂರು, ಹೊನ್ನಾವರ, ಬಸರೂರು ಹಿಡಿದು ಕೋಟೆ ಕಟ್ಟಿದರು. ಅವರಿಗೆ ಬೇಕಾಗಿದ್ದದ್ದು ಅಕ್ಕಿ ಮತ್ತು ಮೆಣಸು, ಗೋವೆಯ ಹೊಟ್ಟೆ ತುಂಬುತ್ತಿದ್ದುದೇ ಕೆನರಾದ ಅಕ್ಕಿಯಿಂದ. 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕ ಈ ಮೂರು ಕೋಟೆಗಳಿಂದ ಅವರನ್ನು ಓಡಿಸಿದ. ಆಮೇಲಿನ ಒಪ್ಪಂದಗಳಲ್ಲಿ ಅವರು ಬೇಡಿಕೊಂಡದ್ದು ಬರಿಯ ವ್ಯಾಪಾರದ ಕೋಠಿ ಮತ್ತು ಚರ್ಚು ಇಟ್ಟುಕೊಳ್ಳುವ ಅವಕಾಶ. ನಡುವೆ ರೋಮಿನ ನಿಲುವೂ ಬದಲಾಗಿತ್ತು. ಅರಸರ ಹಿಡಿತದಿಂದ ಮಿಷನ್ ಕೆಲಸವನ್ನು ಬಿಡಿಸಲು ಪೋಪರು 1622ರಲ್ಲಿ ಪ್ರೊಪಗಾಂಡಾ ಫಿದೆ ಎಂಬ ಇಲಾಖೆ ಕಟ್ಟಿದರು. ಅದು 1637ರಲ್ಲಿ ಗೋವೆಯ ಬ್ರಾಹ್ಮಣ ಮೂಲದ ಮತೆವುಸ್ ದೆ ಕಾಸ್ತ್ರೊ ಅವರನ್ನು ಬಿಜಾಪುರ ಸೀಮೆಗೆ ಬಿಷಪ್ ಆಗಿ ಕಳಿಸಿದಾಗ ಗೋವೆಯ ಪೋರ್ಚುಗೀಸರು ಕೆಂಡವಾದರು. ಪದ್ರೊಆದೊ ಮತ್ತು ಪ್ರೊಪಗಾಂಡಾ ಜಗಳ ಮಂಗಳೂರಿನ ಚರ್ಚುಗಳಲ್ಲಿ 19ನೇ ಶತಮಾನದ ತನಕ ಎಳೆಯಿತು.

ಸಕ್ಕರೆಗಾಣ

ಮೇಲಿನವರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ, ಆದರೆ ಬುಲ್ ಮತ್ತು ಬೋಧಕರಲ್ಲೇ ಮುಳುಗಿದರೆ ವಸಾಹತಿನ ಯಂತ್ರ ಕಾಣುವುದಿಲ್ಲ. ಅದು ಕಾಣುವುದು ಕಬ್ಬಿನ ಗದ್ದೆಯಲ್ಲಿ.

ಕ್ರುಸೇಡರು ಪ್ಯಾಲೆಸ್ಟೈನಿಗೆ ಬಂದಾಗ ಅರಬ್ಬರ ಕಬ್ಬಿನ ಬೇಸಾಯ, ನೀರಾವರಿ, ಗಾಣ ಅಲ್ಲಿದ್ದವು. ಟೈರ್ ಪಟ್ಟಣದ ಸಕ್ಕರೆ ಯುರೋಪಿಗೆ ಹೋಗುತ್ತಿತ್ತು. ಅದೇ ಟೈರನ್ನು ಗೆಲ್ಲಲು ವೆನಿಸಿನವರು 1123ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಊರಿನ ಮೂರರಲ್ಲೊಂದು ಭಾಗ, ಸ್ವಂತ ನ್ಯಾಯಾಲಯ, ಸ್ವಂತ ತೂಕ ಅಳತೆ ಕೇಳಿ ಪಡೆದರು. ಬೇರೆಯವರ ನೆಲದಲ್ಲಿ ತಮ್ಮದೇ ಕಾನೂನಿನ ವ್ಯಾಪಾರಿ ಬಡಾವಣೆ ಅಂದರೆ ಇದು. 1291ರ ನಂತರ ಈ ಸಕ್ಕರೆ ಸೈಪ್ರಸ್ಸಿಗೆ ಸರಿಯಿತು. ಅಲ್ಲಿ ಕೊಲೊಸ್ಸಿಯ ಗಾಣ ಹಾಸ್ಪಿಟಲರ್ ನೈಟರದ್ದು, ಎಪಿಸ್ಕೊಪಿಯದ್ದು ವೆನಿಸಿನ ಕೊರ್ನಾರೊ ಮನೆತನದ್ದು. ಈ ಇಬ್ಬರ ನಡುವೆ ಕಾಲುವೆ ನೀರಿಗೆ ವ್ಯಾಜ್ಯವೂ ನಡೆಯಿತು. ಕಬ್ಬು ಸಿಸಿಲಿ, ವಲೆನ್ಸಿಯಾ ದಾಟಿ ಅಟ್ಲಾಂಟಿಕ್ಕಿನ ಮದೀರಾ ದ್ವೀಪಕ್ಕೆ ಬಂದಾಗ, 1452ರಲ್ಲಿ ನೀರಿನಿಂದ ತಿರುಗುವ ಗಾಣಕ್ಕೆ ದಿಯೊಗೊ ದೆ ತೈವೆಯ ಜತೆ ಕರಾರು ಮಾಡಿಕೊಂಡವನು ಆರ್ಡರ್ ಆಫ್ ಕ್ರೈಸ್ಟಿನ ಅದೇ ಹೆನ್ರಿ. ಬಂದ ಸಕ್ಕರೆಯಲ್ಲಿ ಮೂರರಲ್ಲೊಂದು ಪಾಲು ಅವನಿಗೆ. ದುಡಿಯಲು ಕೆನರಿ ದ್ವೀಪದಿಂದಲೂ ಆಫ್ರಿಕಾದಿಂದಲೂ ಹಿಡಿದು ತಂದವರಿದ್ದರು. ಅಲ್ಲಿಂದ ಸಾವ್ ತೊಮೆ, ಅಲ್ಲಿಂದ ಬ್ರೆಜಿಲ್. ಕಬ್ಬಿಗೆ ನೀರು, ಸೌದೆ, ಬಂಡವಾಳ ಮೂರೂ ಬೇಕು, ಕಡಿದ ಕಬ್ಬನ್ನು ಒಂದೆರಡು ದಿನದೊಳಗೆ ಅರೆಯದಿದ್ದರೆ ರಸ ಹುಳಿಯುತ್ತದೆ, ಹಾಗಾಗಿ ಹೊತ್ತಿಲ್ಲದ ಹೊತ್ತಿನಲ್ಲಿ ದುಡಿಸಲು ಆಳುಗಳು ಬೇಕು. ಮದೀರಾದ ಕಾಡು ಕರಗಿದ್ದು ಇದಕ್ಕೇ. ಮತ ಏನೇ ಹೇಳಲಿ, ಗುಲಾಮರ ಬೇಡಿಕೆ ಹುಟ್ಟಿದ್ದು ಈ ಗಾಣಗಳ ಸುತ್ತ.

ಇನ್ನೊಂದು ಎಚ್ಚರಿಕೆ. ಇಂಗ್ಲಿಷರನ್ನೂ ಡಚ್ಚರನ್ನೂ ಇದೇ ಚೀಲಕ್ಕೆ ತುರುಕಬೇಡಿ. ಏಳನೇ ಹೆನ್ರಿ 1496ರಲ್ಲಿ ಕ್ಯಾಬಟ್‌ಗೆ ಕೊಟ್ಟ ಸನ್ನದಿನಲ್ಲಿ ‘ಕ್ರೈಸ್ತರಿಗೆಲ್ಲ ಈವರೆಗೆ ಗೊತ್ತಿಲ್ಲದ’ ನಾಡುಗಳನ್ನು ಹಿಡಿಯಬಹುದು ಅಂತ ಇದೆ, ಅಷ್ಟರ ಮಟ್ಟಿಗೆ ಹಳೆಯ ಭಾಷೆ ಉಳಿದಿತ್ತು. 1823ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮೂಲನಿವಾಸಿಗಳ ಜಮೀನಿನ ಮೊಕದ್ದಮೆಯಲ್ಲಿ ಆ ಸನ್ನದನ್ನು ಎತ್ತಿ ಹೇಳಿತು ಕೂಡ. ಆದರೆ ಈಸ್ಟ್ ಇಂಡಿಯಾ ಕಂಪನಿ ತನ್ನ ಸೀಮೆಯಲ್ಲಿ ಮಿಷನರಿಗಳಿಗೆ 1813ರ ಕಾಯಿದೆ ಬರುವ ತನಕ ಮುಕ್ತ ಅವಕಾಶ ಕೊಡಲಿಲ್ಲ, ವ್ಯಾಪಾರಕ್ಕೆ ತೊಂದರೆಯಾದೀತು ಅನ್ನುವ ಭಯ. ವಿಲಿಯಂ ಕೇರಿ ನೆಲೆ ನಿಂತದ್ದು ಡೇನಿಷರ ಸೆರಾಂಪುರದಲ್ಲಿ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಆ ಕಾಯಿದೆಯ ನಂತರ. ಅವರನ್ನು ಕ್ರುಸೇಡಿನ ವಾರಸುದಾರರು ಅನ್ನಲು ಯಾವ ಕಾಗದವೂ ಇಲ್ಲ.

ಹಳೆಕಡತ

ಸಕ್ಕರೆಗಾಣ ಅವರ ಮಾತು ಸರಿ. ಒಂದೇ ತಕರಾರು: ಗಾಣದ ಕರಾರಿಗೆ ಸಹಿ ಮಾಡಿದ ಹೆನ್ರಿಯ ಬಳಿ ಮದೀರಾ ದ್ವೀಪದ ಚರ್ಚಿನ ಅಧಿಕಾರ ಇದ್ದದ್ದು ಸಂಘದ ಮೂಲಕ. ಹಣವನ್ನೂ ಮತವನ್ನೂ ಎರಡು ಪಾಠವಾಗಿ ಬೇರ್ಪಡಿಸಿದರೆ ಈ ಮನುಷ್ಯ ಅರ್ಥವಾಗುವುದಿಲ್ಲ.

ತುಂಗಾತೀರ ಅವರಿಗೆ ಒಂದು ಕ್ರಮ ಸೂಚಿಸುತ್ತೇನೆ. ಮೊದಲ ಗಂಟೆಗೆ ಬಾದಾಹೋಸಿನ ನಮೂದೊಂದನ್ನೇ ಬೋರ್ಡಿನ ಮೇಲೆ ಬರೆದು, ಅದರಲ್ಲಿರುವ ಪ್ರತಿ ಹೆಸರು, ಪ್ರತಿ ಮೊತ್ತ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋಗಿ: ಖಜಾಂಚಿಯಿಂದ ಚೀಟಿಗೆ, ಚೀಟಿಯಿಂದ 1482ರ ಮಂಜೂರಾತಿಗೆ, ಅಲ್ಲಿಂದ 1199ರ ತೆರಿಗೆಗೆ. ಎರಡನೇ ಗಂಟೆಗೆ ರೆಕೆರಿಮಿಯೆಂತೊ ಪೂರ್ತಿ ಗಟ್ಟಿಯಾಗಿ ಓದಿಸಿ. ಕೆಲವೇ ನಿಮಿಷ ಸಾಕು. ಯಾವ ಸಾಲು ಇನೊಸೆಂಟರದ್ದು, ಯಾವುದು ಹೊಸ್ಟಿಯೆನ್ಸಿಸ್‌ನದ್ದು, ಯಾವುದು 1493ರ ಬುಲ್‌ನದ್ದು ಅಂತ ವಿದ್ಯಾರ್ಥಿಗಳೇ ಗುರುತು ಹಾಕಲಿ. ಕೆನರಾದ ಭಾಗಕ್ಕೆ ಅಲ್ಬುಕರ್ಕನ ಡಿಸೆಂಬರ್ ಪತ್ರ ಸಾಕು. ಭೂಪಟ ಕೊಡುವುದಾದರೆ ತೋಮಾರ್, ಆಫ್ರಿಕಾದ ಉತ್ತರ ಕರಾವಳಿಯ ಸಿಯೂಟಾ, ಮದೀರಾ, ಕೆನರಿ, ಹೊನ್ನಾವರ ಇರಲೇಬೇಕು. ಜೆರುಸಲೇಮನ್ನೂ ಹಾಕಿ: ಈ ಯಾನದ ಲಾಭವನ್ನು ಜೆರುಸಲೇಮ್ ಗೆಲ್ಲಲು ಖರ್ಚು ಮಾಡಬೇಕೆಂದು ಅರಸರಿಗೆ ಹೇಳಿದ್ದೇನೆ ಎಂದು ಕೊಲಂಬಸ್ 1492ರ ಡಿಸೆಂಬರ್ 26ರ ದಿನಚರಿಯಲ್ಲಿ ಬರೆದಿದ್ದಾನೆ.